ಹೊಳೆಗೆ ಬಿದ್ದ ಹೆಪ್ಪು

ಆ ನೀಲಿ ಗೆರೆ ಕೆಳಗಿಳಿಯಲು ಶುರುವಾಗಿ ವಾರ ಕಳೆದಿತ್ತು, ರಸ್ತೆ ಕೆಲಸದ ಇಂಜಿನಿಯರ್ ಕೋರಿಶೆಟ್ಟರ್ ಸಾಹೇಬರಿಗೆ ಮಾತ್ರ ಅದಿನ್ನೂ ಕಂಡಿರಲಿಲ್ಲ. ಕಣ್ಣು ಮಂದವಾಗಿತ್ತೆಂದಲ್ಲ. ನೋಡಬಾರದೆಂದು ಮೊದಲೇ ತೀರ್ಮಾನಿಸಿಕೊಂಡವರಿಗೆ ಪರದೆಯನ್ನು ಗೋಡೆಯಷ್ಟು ದೊಡ್ಡದು ಮಾಡಿ ತೋರಿಸಿದರೂ ಅಷ್ಟೆ.

"ಇದು ಹೊಳಿ ತಳದ ಉಸುಕು, ಸಾಹೇಬ್ರ," ಎಂದಳು ನೀಲಗಂಗಾ, ಬೆರಳನ್ನು ಪರದೆಗೆ ಒತ್ತಿ. "ಹೋದ ತಿಂಗಳ ಇದರಾಗ ನೀರು ಸರಾಗ ಇಳೀತಿತ್ತು. ಈಗ ಅರ್ಧಾನೂ ಇಳಿಯಾಕ ಒಲ್ಲದು. ತಳ ಗಟ್ಟಿ ಆಗಾಕತ್ತೈತಿ."

"ಕಿವಿಗೋಲು ಕೆಟ್ಟಿರಬೇಕ್ರೀ ಮೇಡಂ."

ಹೊಳೆಯ ತಳದಲ್ಲಿ ಹುಗಿದಿಟ್ಟ ಉದ್ದನೆಯ ಸರಳುಗಳಿಗೆ ಕಿವಿಗೋಲು ಎಂದು ಹೆಸರು. ಉಸುಕಿನ ಸಂದಿನಲ್ಲಿ ನೀರು ಹರಿಯುವ ಸದ್ದನ್ನು ಕೇಳಿ ಅವು ಈ ತಗಡಿನ ನಿಯಂತ್ರಣ ಕೋಣೆಗೆ ಸುದ್ದಿ ಕಳಿಸುತ್ತಿದ್ದವು.

"ಎಲ್ಲಾ ಒಮ್ಮೆಲೆ ಕೆಡ್ತಾವೇನ್ರೀ?"

"ಎಲ್ಲಾ ಒಂದ ಅಂಗಡ್ಯಾಗ ತಂದದ್ದಲ್ಲೇನ್ರೀ, ಕೆಡ್ತಾವು." ಸಾಹೇಬರು ತಮ್ಮ ಮಾತಿಗೆ ತಾವೇ ನಕ್ಕು ಚಹಾ ಹೀರಿದರು. "ಮುಂದಿನ ವಾರ ಮಂತ್ರಿಗಳು ಬರ್ತಾರ. ರಸ್ತಾ ಉದ್ಘಾಟನೆ. ನೀವು ಗೆರಿ ನೋಡ್ಕೋತ ಕುಂದ್ರಬ್ಯಾಡ್ರಿ, ರಸ್ತಾದ ಏರಿ ನೋಡ್ರಿ."

ನೀಲಗಂಗಾಳಿಗೆ ಆ ಲೋಟವನ್ನು ಕಿತ್ತುಕೊಂಡು ಗೋಡೆಗೆ ಒಗೆಯಬೇಕು ಅನ್ನಿಸಿತು. ಒಗೆಯಲಿಲ್ಲ. ಒಗೆಯದೆ ಇದ್ದದ್ದೇ ತಪ್ಪಾಯಿತೇನೋ.

ಆದದ್ದಿಷ್ಟು. ಹಿಂದಿನ ಮಳೆಗಾಲದಲ್ಲಿ ಮಲಪ್ರಭೆ ಉಕ್ಕಿ ಬಂದು ಹೊಳೆಜಾಲೂರಿನ ಕಡೆಯ ಹೆದ್ದಾರಿಯನ್ನು ಬುಡಸಮೇತ ಕಿತ್ತುಕೊಂಡು ಹೋಗಿದ್ದಳು. ಸೇತುವೆ ನಿಂತಿತ್ತು; ಸೇತುವೆಗೆ ಹತ್ತುವ ಏರಿಯೇ ಇರಲಿಲ್ಲ. ತಾಲ್ಲೂಕಾಸ್ಪತ್ರೆ, ಸಂತೆ, ಕಾಲೇಜು ಎಲ್ಲ ಆ ದಂಡೆಗೆ, ಊರು ಈ ದಂಡೆಗೆ. ನಡುವೆ ಅಂಬಿಗರ ಹರಗೋಲು. ಹಿಂದೆಲ್ಲ ಇಂಥ ಹೊತ್ತಿನಲ್ಲಿ ಜೆಸಿಬಿಗಳು ದನಗಳ ಹಾಗೆ ಹೊಳೆಗಿಳಿದು, ಸಿಕ್ಕ ಕಲ್ಲು, ಸಿಕ್ಕ ಉಸುಕು ಬಾಚಿ ಏರಿಗೆ ಸುರಿಯುತ್ತಿದ್ದವು. ಹಾಗೆ ಬಾಚಿ ಬಾಚಿಯೇ ಎಷ್ಟೋ ಹೊಳೆಗಳು ಗುಂಡಿಗಳಾದ ಮೇಲೆ ಸರ್ಕಾರಕ್ಕೆ ಬುದ್ಧಿ ಬಂದು, ಹೊಳೆಯೊಳಗೆ ಯಂತ್ರ ಇಳಿಸಬಾರದು, ಹೊಳೆಯ ಒಂದು ಬೊಗಸೆ ಉಸುಕನ್ನೂ ಎತ್ತಬಾರದು ಎಂದು ಕಾನೂನು ಬಂತು. ಅದರಲ್ಲೂ ಇಲ್ಲಿ ಸೇತುವೆಯ ಕೆಳಗಡೆಗೆ ಒಂದು ಉಸುಕಿನ ದಿಬ್ಬವಿತ್ತು. ನೀರಿಳಿದ ಮೇಲೆ ಆಮೆಗಳು ಬಂದು ಮೊಟ್ಟೆ ಹುಗಿಯುವ ಜಾಗ ಅದು. ಬೇಸಿಗೆಗೆ ಊರಿನವರು ಕುಡಿಯುವ ನೀರಿಗೆ ವರ್ತಿ ತೋಡುವ ಜಾಗವೂ ಅದೇ. ಮೊಣಕೈಯಷ್ಟು ಆಳ ಉಸುಕು ತೆಗೆದರೆ ಸಾಕು, ಗುಣಿಯಲ್ಲಿ ಸಿಹಿನೀರು ಜಿನುಗಿ ನಿಲ್ಲುತ್ತಿತ್ತು.

ಹೊಳೆಯನ್ನು ಮುಟ್ಟದೆ ರಸ್ತೆ ಕಟ್ಟುವುದು ಹೇಗೆ? ಅದಕ್ಕೇ ಹುಟ್ಟಿದ್ದು ಕಲ್ಲುಹೆಪ್ಪು. ಧಾರವಾಡದ ಪ್ರಯೋಗಾಲಯದಲ್ಲಿ ನೀಲಗಂಗಾ ಮತ್ತು ಅವಳ ಜೊತೆಯವರು ವರ್ಷಗಟ್ಟಲೆ ಕೂತು ಬೆಳೆಸಿದ ಜೀವಾಣು ಅದು. ಯೂರಿಯಾ ತಿನ್ನುತ್ತದೆ, ನೀರಿನಲ್ಲಿರುವ ಸುಣ್ಣವನ್ನು ಹರಳುಗಟ್ಟಿಸುತ್ತದೆ. ಹೊಲದ ಮಣ್ಣು ತುಂಬಿದ ಏರಿಯೊಳಕ್ಕೆ ಕೊಳವೆಯಲ್ಲಿ ಬಿಟ್ಟರೆ ಕಾಳಿಗೆ ಕಾಳು ಅಂಟಿಕೊಂಡು ಇಡೀ ಏರಿ ಒಳಗಿನಿಂದಲೇ ಕಲ್ಲಾಗುತ್ತದೆ. ಅದಕ್ಕೊಂದು ಬೀಗವನ್ನೂ ಇಟ್ಟಿದ್ದರು. ಪ್ರಯೋಗಾಲಯದಲ್ಲಿ ಮಾತ್ರ ತಯಾರಾಗುವ ಒಂದು ಸತ್ವ ಮೇವಿನಲ್ಲಿ ಇಲ್ಲದೆ ಹೋದರೆ ಅದು ಸಾಯಬೇಕು. ಅಪ್ಪಿತಪ್ಪಿ ಹೊಳೆಗೆ ಬಿದ್ದರೂ ಸತ್ವ ಸಿಗದೆ ಅಲ್ಲೇ ಸಾಯಬೇಕು.

ಪ್ರತಿ ಸಲದ ಹೆಪ್ಪೂ ಧಾರವಾಡದಿಂದ ಹೊಸದಾಗಿ ಬರಬೇಕೆಂಬುದು ನಿಯಮ. ತಣ್ಣಗಿನ ಪೆಟ್ಟಿಗೆಯ ವ್ಯಾನು ಸುತ್ತು ಹಾದಿಯಲ್ಲಿ ಬರುವಷ್ಟರಲ್ಲಿ ಕೆಲಸ ನಿಲ್ಲುತ್ತಿತ್ತು. ಕೋರಿಶೆಟ್ಟರ್ ಸಾಹೇಬರಿಗೆ ತಡೆಯಲಾಗಲಿಲ್ಲ. "ದಿನಾ ಹೊಸಾದು ತರಿಸಾಕ ಇದೇನು ಮಲ್ಲಿಗಿ ಹೂವೇನ್ರೀ? ಇದ್ದದ್ದನ್ನ ಬೆಳಸ್ರಿ," ಎಂದರು. ಏರಿಯ ಕೆಲಸಕ್ಕಿದ್ದವರೆಲ್ಲ ಹೊಳೆಜಾಲೂರಿನ ಹೆಂಗಸರು. ಮನೆಯಲ್ಲಿ ನಿನ್ನೆಯ ಮೊಸರಿನಿಂದ ಇವತ್ತಿನ ಹಾಲಿಗೆ ಹೆಪ್ಪು ಹಾಕುವವರಿಗೆ ಇದನ್ನೇನು ಕಲಿಸುವುದು? ಪ್ರತಿ ಡ್ರಮ್ಮಿನ ತಳದಲ್ಲಿ ಒಂದಿಷ್ಟು ಉಳಿಸಿದರು, ಅದರ ಮೇಲೆ ನೀರು ಯೂರಿಯಾ ಸುರಿದರು, ಸತ್ವ ಸಾಲದೆ ಬಂದಾಗ ತೆಳ್ಳಗೆ ಮಾಡಿದರು. ಹಾಲು ಎಷ್ಟೇ ಇದ್ದರೂ ಹೆಪ್ಪು ಒಂದು ಚಮಚ ಸಾಕು ಎಂಬ ಲೆಕ್ಕ ಅವರದು. ಹೆಪ್ಪೂ ಚೆನ್ನಾಗಿಯೇ ಕೂಡುತ್ತಿತ್ತು. ದಿನದಿಂದ ದಿನಕ್ಕೆ ಇನ್ನೂ ಜೋರಾಗಿ ಕೂಡುತ್ತಿತ್ತು.

ಅಂದೇ ನೀಲಗಂಗಾ ಸಭೆಯಲ್ಲಿ ಎದ್ದು ನಿಂತು ಕೂಗಾಡಿದ್ದಳು. ಸತ್ವ ಕಡಿಮೆ ಮಾಡಿದರೆ ಸತ್ವವಿಲ್ಲದೆ ಬದುಕಬಲ್ಲವು ಮಾತ್ರ ಉಳಿಯುತ್ತವೆ, ಉಳಿದವೇ ನಾಳೆಯ ಹೆಪ್ಪಾಗುತ್ತವೆ, ಹೀಗೇ ಮಾಡುತ್ತ ಹೋದರೆ ಬೀಗವೇ ಇಲ್ಲದ ಜೀವಾಣು ಬೆಳೆಯುತ್ತದೆ ಎಂದು ಬಿಡಿಸಿ ಬಿಡಿಸಿ ಹೇಳಿದ್ದಳು. "ಬೆಳೀಲಿ ಬಿಡ್ರಿ," ಎಂದಿದ್ದರು ಸಾಹೇಬರು. "ಬೆಳದು ಹೊಳಿಗೆ ಹೋದರ ಅಲ್ಲಿ ಯೂರಿಯಾ ಯಾರು ಹಾಕ್ತಾರ? ಉಪವಾಸ ಸಾಯ್ತಾವು." ಸಭೆ ನಕ್ಕಿತ್ತು. ಹೊಳೆಯ ಎರಡೂ ದಂಡೆಗೆ ಕಣ್ಣು ಹಾಯುವಷ್ಟು ದೂರ ಕಬ್ಬು ನಿಂತಿತ್ತು, ಕಬ್ಬಿಗೆ ಸುರಿದ ಯೂರಿಯಾ ನೀರಿನ ಜೊತೆ ಬಸಿದು ಬಸಿದು ಹೊಳೆಗೇ ಹೋಗುತ್ತಿತ್ತು. ಕಿಟಕಿ ತೆರೆದು ಹೊರಗೆ ನೋಡಿದ್ದರೆ ಗೊತ್ತಾಗುತ್ತಿತ್ತು. ಆದರೆ ಸಭೆಗೆ ಎಸಿ ಹಾಕಿದ್ದರು, ಕಿಟಕಿ ಮುಚ್ಚಿತ್ತು.

ನೀಲಗಂಗಾ ಮನೆಗೆ ಬಂದಾಗ ಅಕ್ಕ ಫಕೀರವ್ವ ಗಂಡನನ್ನು ಹರಗೋಲಿನಿಂದ ಇಳಿಸಿಕೊಂಡು ಆಗ ತಾನೇ ಬಂದಿದ್ದಳು. ಹುಟ್ಟಿದೂರಿನಲ್ಲೇ ಕೆಲಸ ಬಿದ್ದದ್ದರಿಂದ ನೀಲಗಂಗಾ ಅಕ್ಕನ ಮನೆಯಲ್ಲೇ ಇದ್ದಳು. ಅಕ್ಕನ ಗಂಡ ಯಮನೂರಪ್ಪ ಇದೇ ಹೆದ್ದಾರಿಯಲ್ಲಿ ಬಸ್ಸು ಓಡಿಸಿದವನು. ಎರಡೂ ಮೂತ್ರಪಿಂಡ ಕೆಟ್ಟು, ರಕ್ತ ತೊಳೆಸಿಕೊಳ್ಳಲು ವಾರದಲ್ಲಿ ಮೂರು ಸಲ ಆ ದಂಡೆಯ ಆಸ್ಪತ್ರೆಗೆ ಹೋಗಬೇಕಿತ್ತು. ಹೋಗುವಾಗ ಇಬ್ಬರು ಹಿಡಿದು ಹರಗೋಲಿಗೆ ಹತ್ತಿಸಬೇಕು, ಬರುವಾಗ ನಾಲ್ವರು ಹೊರಬೇಕು.

"ಏನ್ ವಿಜ್ಞಾನಿ," ಎಂದ ಅವನು, ಹೊರಸಿನ ಮೇಲೆ ಅಡ್ಡಾಗಿ, ಉಸಿರು ಸಾಲದಿದ್ದರೂ ನಗುತ್ತ. "ನಿಮ್ಮ ರಸ್ತಾ ಮೊಸರಾತೋ, ಇನ್ನೂ ಹಾಲ ಐತೋ?"

"ಆಗೈತಿ ಮಾಮಾ. ಆಗಬಾರದ ಕಡೇನೂ ಆಗಾಕತ್ತೈತಿ."

ಫಕೀರವ್ವ ಒಳಗಿನಿಂದಲೇ ಉತ್ತರ ಕೊಟ್ಟಳು. ಏರಿಯ ಹೆಂಗಸರ ತಂಡಕ್ಕೆಲ್ಲ ಅವಳೇ ಮೇಸ್ತ್ರಿ. "ಎಲ್ಲಿ ಆಗಬಾರದೋ ಗೊತ್ತಿಲ್ಲ, ಆಗಬೇಕಾದಲ್ಲಿ ಚಲೋ ಆಗೈತಿ. ದುರುಗವ್ವನ ಹರಗೋಲು ಕಟ್ಟೂ ಜಾಗಾ ನೋಡಿದೇನು? ಫರಸೀ ಹಾಸಿದ್ಹಂಗ ಆಗೈತಿ. ಇವತ್ತ ಇವರಿಗೆ ಒಂದು ಹನಿ ರಾಡಿ ಹತ್ತಲಿಲ್ಲ."

"ಅದ್ಹೆಂಗಾತು?"

"ನಾನ ಒಂದು ಚರಿಗಿ ಹೆಪ್ಪು ಕೊಟ್ಟಿದ್ದೆ."

ನೀಲಗಂಗಾಳಿಗೆ ಮೈಯೆಲ್ಲ ಉರಿ ಹತ್ತಿತು. "ಯವ್ವಾ! ಏರೀದು ಹೆಪ್ಪು ಹೊರಗ ಕೊಟ್ಟೆಯೇನು?"

"ಕೇಳಿದಳು, ಕೊಟ್ಟೆ. ಹೆಪ್ಪು ಕೇಳಿ ಬಂದಾಕಿನ್ನ ಬರೇ ಚರಿಗಿ ಹಿಡಿಸಿ ಕಳಸ್ತಾರೇನು ಯಾರಾದರೂ? ನಮ್ಮವ್ವ ಕಳಸಿದ್ದಳೇನು?" ಹೊಳೆಜಾಲೂರಿನಲ್ಲಿ ಜಗಳವಾಡಿ ಮಾತು ಬಿಟ್ಟವರು ಸಹ ಹೆಪ್ಪು ಕೇಳಿದರೆ ಇಲ್ಲ ಅನ್ನುತ್ತಿರಲಿಲ್ಲ; ಅಂದರೆ ತಮ್ಮ ಮನೆಯ ಹೈನು ಕೆಡುತ್ತದೆಂಬ ನಂಬಿಕೆ. ಫಕೀರವ್ವ ಸೊಂಟಕ್ಕೆ ಕೈಯಿಟ್ಟು ನಿಂತಳು. "ಹೋದ ವಾರ ಅದ ರಾಡ್ಯಾಗ ಜಾರಿ ಬಿದ್ದರಿವರು. ನೀ ಕಚೇರ್ಯಾಗ ಟಿವಿ ನೋಡ್ಕೋತ ಕುಂತಿದ್ದಿ. ಎತ್ತಾಕ ಯಾರು ಬಂದ್ರು? ಅಕಿ ಗಂಡ ಬಂದ."

ನೀಲಗಂಗಾ ಸಿಟ್ಟು ನುಂಗಿಕೊಂಡು ಕೇಳಿದಳು, "ಮೇವು ಏನ್ ಹಾಕಿದ್ರಿ?"

"ಏನೂ ಇಲ್ಲ. ಹೊಳಿ ನೀರಾಗ ಕಲಸಿ ಸುರುವಿದಿವಿ."

ಸತ್ವವಿಲ್ಲ, ಮೇವಿಲ್ಲ, ಬರಿಯ ಹೊಳೆಯ ನೀರು. ಆದರೂ ಕಲ್ಲಾಗಿತ್ತು. ಬೀಗ ಒಡೆದು ಎಷ್ಟು ದಿನವಾಗಿತ್ತೋ!

ಬೆಳಗ್ಗೆ ಅಕ್ಕ ತಂಗಿ ಇಬ್ಬರೂ ದಿಬ್ಬಕ್ಕೆ ಹೋದರು. ಅಂಬಿಗರ ದುರುಗವ್ವ ಅಲ್ಲಿ ಕೊಡ ಪಕ್ಕಕ್ಕಿಟ್ಟು ವರ್ತಿ ತೋಡುತ್ತಿದ್ದಳು. ಹರಗೋಲು ಹುಟ್ಟು ಹಾಕುವ ರಟ್ಟೆ ಅವಳದು. ಆದರೂ ಗುದ್ದಲಿ ಉಸುಕಿಗೆ ಬಿದ್ದಾಗ ಠಣ್ ಎಂದಿತು.

"ನೋಡವಾ ನೀಲಾ," ಎಂದಳು ದುರುಗವ್ವ, ಅಂಗೈ ತೋರಿಸಿ. ಬೊಬ್ಬೆ ಎದ್ದಿತ್ತು. "ಎಲ್ಲಿ ಹೊಡದರೂ ಹಿಂಗ. ಮೂರು ಕಡೆ ನೋಡಿದೆ. ನಮ್ಮ ಹೊಳಿಗೆ ಏನ್ ರೋಗ ಬಂತ?"

ನೀಲಗಂಗಾ ಹಾರೆ ತೆಗೆದುಕೊಂಡು ಆಮೆಗಳು ಮೊಟ್ಟೆ ಹುಗಿಯುವ ಇಳಿಜಾರಿಗೆ ಹೋದಳು. ಮೇಲೆ ಬಿಳಿಯ ಪೊರೆ, ಹಪ್ಪಳ ಒಣಗಿಸಿದಂತೆ. ಹಾರೆಯ ತುದಿ ಸಂದಿಗೆ ಹಾಕಿ ಮೀಟಿದಾಗ ಅಂಗೈ ದಪ್ಪದ ಚಪ್ಪಡಿಯೊಂದು ಕಿರ್ರೆಂದು ಎದ್ದಿತು. ಅದನ್ನು ತಿರುಗಿಸಿ ಹಾಕಿದಳು. ಅಡಿಯಲ್ಲಿ ಆಮೆಯ ಮರಿಗಳಿದ್ದವು. ಮೊಟ್ಟೆಯೊಡೆದು, ಉಸುಕು ಕೆದರಿ ಕೆದರಿ ಮೇಲೆ ಬಂದು, ಹೊರಗೆ ಹೋಗಲಾಗದೆ ಚಪ್ಪಡಿಗೆ ಮೂತಿ ಒತ್ತಿ ಸತ್ತಿದ್ದವು. ಒಂದರ ಮೇಲೊಂದು. ಹಿಂದಿನದು ಮುಂದಿನದನ್ನು ತಳ್ಳಿದಂತೆ ಕಾಣುತ್ತಿತ್ತು.

"ಥೂ ಇವರ ಮನಿ ಹಾಳಾಗ!" ಎಂದು ನೀಲಗಂಗಾ ಕಿರುಚಿದಳು. ಹಾರೆ ಎತ್ತಿ ಚಪ್ಪಡಿಯನ್ನು ಕುಟ್ಟಿದಳು, ಕುಟ್ಟಿದಳು, ಪುಡಿಯಾಗುವ ತನಕ ಕುಟ್ಟಿದಳು. ದುರುಗವ್ವ ರಟ್ಟೆ ಹಿಡಿದು ನಿಲ್ಲಿಸಬೇಕಾಯಿತು. ಫಕೀರವ್ವ ಬಾಯಿಗೆ ಸೆರಗು ಹಿಡಿದು ನಿಂತಿದ್ದಳು.

"ನಾ ಕೊಟ್ಟ ಚರಿಗೀಯಿಂದನ ಇಷ್ಟೆಲ್ಲಾ ಆತೇನ?"

"ಒಂದು ಚರಿಗೀಯಿಂದ ಇಷ್ಟು ದೂರ ಆಗೂದಿಲ್ಲಕ್ಕ. ಏರಿ ಸೋರಾಕತ್ತೈತಿ. ದಿನಾ ಹೆಪ್ಪಿನ ಜೀವಾಣು ಕೋಟಿಗಟ್ಟಲೆ ಹೊಳಿಗೆ ಇಳ್ಯಾಕತ್ತಾವು. ನಿನ್ನ ಚರಿಗಿ ನನಗ ತೋರಿಸಿಕೊಡ್ತು, ಅಷ್ಟ."

ನಿಯಂತ್ರಣ ಕೋಣೆಗೆ ಹೋದವಳು ಚಪ್ಪಡಿಯ ತುಂಡೊಂದನ್ನು, ಅದಕ್ಕಂಟಿದ್ದ ಮರಿಯ ಸಮೇತ, ಕೋರಿಶೆಟ್ಟರ್ ಸಾಹೇಬರ ಮೇಜಿನ ಮೇಲೆ ಇಟ್ಟಳು. ಸಾಹೇಬರು ಕುರ್ಚಿ ಹಿಂದಕ್ಕೆಳೆದುಕೊಂಡರು.

"ಇದೂ ಕೆಟ್ಟೈತೇನ್ರೀ?" ಎಂದಳು. "ಇದನ್ನೂ ಅದ ಅಂಗಡ್ಯಾಗ ತಂದದ್ದೇನ್ರೀ?"

ಆಗಬೇಕಾದ್ದು ಏನೆಂದು ಹೇಳಿದಳು. ಕೋಣೆಯ ಹಿಂದೆ ದೊಡ್ಡ ಟ್ಯಾಂಕಿನಲ್ಲಿ ಹುಳಿನೀರು ಇತ್ತು. ಕೆಲಸ ಕೆಟ್ಟರೆ ಬಿಚ್ಚಲು ಇರಲಿ ಎಂದು ಪ್ರಯೋಗಾಲಯದವರೇ ಕಳಿಸಿದ್ದು. ಹುಳಿಮಜ್ಜಿಗೆಯಷ್ಟೇ ಹುಳಿ ಅದು, ಆದರೆ ಹುಳಿಯಲ್ಲಿ ಈ ಜೀವಾಣು ಬದುಕದು, ಅದು ಕಟ್ಟಿದ ಕಲ್ಲೂ ನಿಲ್ಲದು; ಸುಣ್ಣ ಕರಗಿಸುವಷ್ಟರಲ್ಲಿ ನೀರು ತಾನೂ ಸಪ್ಪೆಯಾಗಿಬಿಡುತ್ತದೆ. ಅದನ್ನು ಏರಿಯ ಕೊಳವೆಗಳಿಗೆ ಬಿಟ್ಟರೆ ಹೆಪ್ಪಿನ ತವರೇ ಸಾಯುತ್ತದೆ. ಹೊಳೆಯ ತಳದ ಪೊರೆ ಇನ್ನೂ ತೆಳುವಾಗಿದೆ, ತವರು ಸತ್ತರೆ ಮುಂದಿನ ಮಳೆಗಾಲದ ನೀರು ಅದನ್ನು ಒಡೆದುಕೊಂಡು ಹೋದೀತು. ಹೀಗೇ ಬಿಟ್ಟರೆ ಬೇಸಿಗೆ ಮುಗಿಯುವುದರೊಳಗೆ ಗೇಣು ದಪ್ಪದ ಕಲ್ಲು. ಆಮೇಲೆ ದೇವರು ಬಂದರೂ ಆಗದು.

"ಅಂದರ ರಸ್ತಾ ಕರಗಸಬೇಕು."

"ಹೌದ್ರಿ. ಕರಗಿಸಿ, ಹೊರಗಿನ ಕಲ್ಲು ತಂದು ಮತ್ತ ಕಟ್ಟಬೇಕು."

"ಆರು ತಿಂಗಳ ತಡಾ."

"ಹೌದ್ರಿ."

ಸಾಹೇಬರು ಮೇಜಿನ ಮೇಲಿದ್ದ ಮರಿಯನ್ನು ನೋಡಿದರು, ಆಮೇಲೆ ಅವಳನ್ನು ನೋಡಿದರು. ದನಿ ಮೆತ್ತಗಾಯಿತು. "ನಿಮ್ಮ ಅಕ್ಕನ ಗಂಡಗ ಡಯಾಲಿಸಿಸ್ ಅಲ್ಲೇನ್ರೀ ಮೇಡಂ? ಹರಗೋಲಿನ್ಯಾಗ ಆರು ತಿಂಗಳ ತಡೀತಾನೇನು ಅವ? ಆಮಿ ಮರಿ ನೋಡ್ತೀರೋ, ಮನಿ ಮನಷ್ಯಾನ್ನ ನೋಡ್ತೀರೋ ನೀವ ಹೇಳ್ರಿ."

ಅಕ್ಕನ ಮನೆಯ ಸಂಕಟವನ್ನು ಎತ್ತಿ ತನ್ನ ಬಾಯಿಗೇ ತುರುಕುತ್ತಿದ್ದಾನಲ್ಲ ಈ ಮನುಷ್ಯ ಎಂದು ನೀಲಗಂಗಾ ಹಲ್ಲು ಕಡಿದಳು. ಚಪ್ಪಡಿಯ ತುಂಡನ್ನು ಮೇಜಿನ ಮೇಲೇ ಬಿಟ್ಟು ಹೊರಬಿದ್ದಳು.

ಹುಳಿನೀರಿನ ತೂಬು ತೆರೆಯಲು ಸಾಹೇಬರ ಅಪ್ಪಣೆ ಬೇಕಿರಲಿಲ್ಲ, ಅದೊಂದು ಪುಣ್ಯ. ಕಟ್ಟಿದ ರಸ್ತೆಯನ್ನು ಕರಗಿಸುವುದು ಹುಡುಗಾಟದ ಕೆಲಸವಲ್ಲವೆಂದು ಯಂತ್ರಕ್ಕೆ ಇಬ್ಬರ ಹೆಬ್ಬೆರಳು ಇಟ್ಟಿದ್ದರು: ಹೆಪ್ಪು ಬಲ್ಲ ವಿಜ್ಞಾನಿಯದು ಒಂದು, ಏರಿಯ ಮೇಲೆ ಜನ ಇಲ್ಲವೆಂದು ನೋಡಿ ಹೇಳಬೇಕಾದ ಮೇಸ್ತ್ರಿಯದು ಇನ್ನೊಂದು. ಮೇಸ್ತ್ರಿ ಫಕೀರವ್ವ.

"ಆಗೂದಿಲ್ಲ," ಎಂದಳು ಫಕೀರವ್ವ. ರೊಟ್ಟಿ ಬಡಿಯುತ್ತಿದ್ದಳು. ಬಡಿತ ಜೋರಾಯಿತು.

"ಅಕ್ಕ, ನೀನ ನೋಡಿದಿ. ವರ್ತಿ ಇಲ್ಲ, ಆಮಿ ಇಲ್ಲ. ಹೊಳಿ ತಳಾ ಮುಚ್ಚಿದರ ದಂಡಿ ಮ್ಯಾಲಿನ ಬಾವಿ ಎಲ್ಲಾ ಬತ್ತತಾವು."

"ಬತ್ತಲಿ. ಟ್ಯಾಂಕರ್ ತರಸೂಣು. ಇವರನ್ನ ಎಲ್ಲಿಂದ ತರಸ್ಲಿ?" ಹಿಟ್ಟಿನ ಕೈಯನ್ನೇ ಹಣೆಗೆ ಒರೆಸಿಕೊಂಡಳು. "ನೀ ಬರತಿ, ನಾಕು ದಿನಾ ಇರತಿ, ಹೋಗತಿ. ಹರಗೋಲಿನ್ಯಾಗ ಇವರ ತಲಿ ತೊಡೀ ಮ್ಯಾಲ ಇಟಗೊಂಡು, ಉಸರು ಐತೋ ಇಲ್ಲೋ ಅಂತ ಮೂಗಿಗೆ ಬೆರಳ ಹಿಡದು ನೋಡ್ಕೋತ ಹೋಗಾಕಿ ನಾನು. ನನ್ನ ಹೆಬ್ಬೆಟ್ಟು ಬೇಕೇನು? ನನ್ನ ಗಂಡನ ಹೆಣಾ ದಾಟಿ ಬಂದು ತಗೊಂಡು ಹೋಗು!"

ಹೊರಸಿನ ಮೇಲಿದ್ದ ಯಮನೂರಪ್ಪ ಗೋಡೆಯ ಕಡೆ ತಿರುಗಿ ಮಲಗಿದ. ನಿದ್ದೆ ಬಂದವನಂತೆ ಮಾಡಿದ. ಈ ಇಬ್ಬರ ನಡುವೆ ಬದುಕಿರುವುದೇ ತನ್ನ ತಪ್ಪೆಂಬಂತೆ ಅವನ ಬೆನ್ನು ಮುದುಡಿಕೊಂಡಿತ್ತು. ನೀಲಗಂಗಾ ಎದ್ದು ಹೊರಗೆ ಹೋದಳು. ಅಕ್ಕ ಹೇಳಿದ್ದರಲ್ಲಿ ಸುಳ್ಳು ಯಾವುದೂ ಇರಲಿಲ್ಲ. ಅವಳ ಸಿಟ್ಟಿಗೆ ನಿಲ್ಲಲು ಜಾಗವೇ ಸಿಗಲಿಲ್ಲ.

ಉದ್ಘಾಟನೆ ಭರ್ಜರಿಯಾಗಿ ನಡೆಯಿತು. ಡೊಳ್ಳು ಬಡಿದರು, ಪೇಟ ಸುತ್ತಿದರು, ಪೇಡೆ ಹಂಚಿದರು. ಹೊಳೆಗೆ ಒಂದು ಗೀರೂ ಬೀಳದಂತೆ ಕಟ್ಟಿದ ರಸ್ತೆ ಎಂದು ಮಂತ್ರಿಗಳು ಭಾಷಣ ಮಾಡುವಾಗ, ಅದೇ ಹೊಳೆಯಲ್ಲಿ ನೀಲಗಂಗಾ ಮತ್ತು ದುರುಗವ್ವ ಹಾರೆ ಹಿಡಿದು ಬಗ್ಗಿದ್ದರು. ಚಪ್ಪಡಿ ಒಡೆದಲ್ಲಿ ಒಮ್ಮೊಮ್ಮೆ ಜೀವವಿದ್ದ ಮರಿಗಳು ಸಿಕ್ಕವು. ಅವನ್ನು ಕೊಡದಲ್ಲಿ ಹಾಕಿ ನೀರಿಗೆ ಬಿಟ್ಟರು. ಮೈಕಿನ ಚಪ್ಪಾಳೆ ನೀರಿನ ಮೇಲೆ ಹಾದು ಬರುತ್ತಿತ್ತು. "ಯಾರಿಗೆ ತಟ್ಟಾಕತ್ತಾರ ಇವರು? ಈ ಹೆಣಗಳಿಗೇನು?" ಎಂದು ದುರುಗವ್ವ ಆ ಕಡೆ ಉಗುಳಿದಳು. ಇವತ್ತು ಒಡೆದ ಜಾಗ ಎರಡು ದಿನ ಬಿಟ್ಟು ನೋಡಿದರೆ ಮತ್ತೆ ಬೆಳ್ಳಗಾಗಿರುತ್ತಿತ್ತು.

ರಸ್ತೆಯಂತೂ ಚೆನ್ನಾಗಿತ್ತು, ಅದನ್ನು ಇಲ್ಲವೆನ್ನಲಾಗದು. ಯಮನೂರಪ್ಪನನ್ನು ಆಟೋದಲ್ಲಿ ಕೂರಿಸಿಕೊಂಡು ಹೊರಟರೆ ಚಹಾ ಆರುವಷ್ಟರಲ್ಲಿ ಆಸ್ಪತ್ರೆ ಬರುತ್ತಿತ್ತು. ಫಕೀರವ್ವನ ಮುಖಕ್ಕೆ ಬಣ್ಣ ಬಂತು. ತಂಗಿಯೊಡನೆ ಮಾತು ಬಿಟ್ಟಿದ್ದವಳು ಊಟದ ತಾಟಿಗೆ ಎರಡು ರೊಟ್ಟಿ ಹೆಚ್ಚಿಗೆ ಇಡತೊಡಗಿದಳು. ನೀಲಗಂಗಾ ತಿಂದಳು. ದಿನಾ ಹೋಗಿ ಗೆರೆ ನೋಡುತ್ತಿದ್ದಳು, ಗೆರೆ ದಿನಾ ಇಳಿಯುತ್ತಿತ್ತು.

ಬಿಸಿಲು ಏರಿದ ಒಂದು ದಿನ ಅವಳೂ ಆಟೋದಲ್ಲಿ ಆಸ್ಪತ್ರೆಗೆ ಹೋದಳು, ಯಮನೂರಪ್ಪನಿಗೆ ಒಂದು ಕಡೆಯಿಂದ ಆಸರೆ ಬೇಕಿತ್ತು. ಡಯಾಲಿಸಿಸ್ ಕೋಣೆಯ ಬಾಗಿಲಲ್ಲಿ ನರ್ಸು ನಿಂತಿದ್ದಳು. ಒಳಗೆ ಯಂತ್ರಗಳೆಲ್ಲ ಆರಿಹೋಗಿದ್ದವು, ಹಾಸಿಗೆಗಳು ಖಾಲಿ.

"ಇವತ್ತ ಆಗೂದಿಲ್ಲಕ್ಕ."

"ಯಾಕವಾ? ಕರೆಂಟ್ ಹೋಗೈತೇನು? ಕಾಯ್ತೀವಿ ತಗೋ."

"ಕರೆಂಟ್ ಐತಿ, ನೀರಿಲ್ಲ." ನರ್ಸು ಅಳುವವಳಂತೆ ಇದ್ದಳು, ಬೆಳಗಿನಿಂದ ಎಷ್ಟು ಮಂದಿಗೆ ಇದನ್ನೇ ಹೇಳಿದ್ದಳೋ. "ಒಬ್ಬರ ರಕ್ತಾ ತೊಳ್ಯಾಕ ಡ್ರಮ್ಮುಗಟ್ಟಲೆ ಚೊಕ್ಕ ನೀರು ಬೇಕ್ರಿ. ನಮ್ಮ ಬಾವಿ ಹೊಳ್ಯಾಗ ಐತಿ. ಉಸುಕಿನ ಬುಡಕ ಬಂದ ನೀರು ಅದರಾಗ ತುಂಬತಿತ್ತು. ನಿನ್ನೀಯಿಂದ ಪಂಪು ಬರೇ ಗಾಳಿ ಎಳ್ಯಾಕತ್ತೈತಿ. ಟ್ಯಾಂಕರ್ ತರಿಸಿದಿವಿ, ಬೋರಿನ ಸವಳು ನೀರು, ಫಿಲ್ಟರ್ ಕಟ್ಟಿಕೊಂಡು ಕುಂತೈತಿ. ಹೊಳ್ಯಾಗ ನೀರು ಐತಿ, ಬಾವ್ಯಾಗ ಯಾಕ ಬರವಲ್ದೋ ಯಾರಿಗೂ ತಿಳೀವಲ್ದು."

ತಿಳಿದವರು ಬಾಗಿಲಲ್ಲೇ ನಿಂತಿದ್ದರು. ಫಕೀರವ್ವ ತಂಗಿಯ ಮುಖ ನೋಡಿದಳು. ಟ್ಯಾಂಕರ್ ತರಸೂಣು ಎಂದು ತಾನೇ ಅಂದ ಮಾತು ಅವಳಿಗೆ ನೆನಪಾಯಿತು.

ನರ್ಸೇ ಓಡಾಡಿ ಆಂಬುಲೆನ್ಸ್ ಹೊಂದಿಸಿದಳು. ಗದಗಿನ ದೊಡ್ಡಾಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿತು. ಯಮನೂರಪ್ಪನ ತಮ್ಮ ಗದಗಿನಲ್ಲೇ ಇದ್ದ. ಫೋನು ಮಾಡಿದಾಗ, ಆಸ್ಪತ್ರೆಗೇ ಬಂದು ಕಾಯುತ್ತೇನೆ, ಬೇಕಾದಷ್ಟು ತಿಂಗಳು ನಮ್ಮ ಮನೆಯಲ್ಲೇ ಇರಲಿ ಎಂದ. ಸ್ಟ್ರೆಚರ್ ಒಳಗೆ ಹೋಗುವಾಗ ಯಮನೂರಪ್ಪ ಹೆಂಡತಿಯ ಕೈ ಹಿಡಿದ.

"ನೀ ಬರೂದಿಲ್ಲೇನು?"

"ಬರ್ತೀನಿ. ಒಂದು ಕೆಲಸ ಐತಿ, ಮುಗಿಸಿ ಬರ್ತೀನಿ."

"ಲಗೂ ಬಾ. ಈಗೇನು, ರಸ್ತಾ ಐತಿ." ಅವನು ಹಳೆಯ ಡ್ರೈವರ್, ಆ ಸಂಕಟದಲ್ಲೂ ರಸ್ತೆಯ ಮಾತು ಬಿಡಲಿಲ್ಲ. "ಚಲೋ ಮಾಡೀರಿ ಬಿಡು. ಒಂದು ಕಡೆ ಕುಲುಕಲಿಲ್ಲ."

ಆಂಬುಲೆನ್ಸ್ ತಿರುವಿನಲ್ಲಿ ಮರೆಯಾಗುವವರೆಗೂ ಫಕೀರವ್ವ ನಿಂತಿದ್ದಳು. ಆಮೇಲೆ ಆಟೋ ಹತ್ತಿ, "ಏರಿಗೆ ನಡಿ," ಎಂದಳು. ಇಳಿದವಳೇ ತನ್ನ ತಂಡದ ಹೆಂಗಸರನ್ನು ಕೂಗಿ ಕರೆದಳು. ಏರಿಯ ಎರಡೂ ತುದಿಗೆ ಕಲ್ಲು ಇಡಿಸಿದಳು. ಬರುತ್ತಿದ್ದ ಟ್ರ್ಯಾಕ್ಟರ್ ನಿಲ್ಲಿಸಿ ಹಿಂದಕ್ಕೆ ಕಳಿಸಿದಳು, ಹಾರ್ನು ಬಡಿದ ಲಾರಿಯವನಿಗೆ ಬಾಯಿಗೆ ಬಂದಂತೆ ಬೈದಳು. ಏರಿ ಈ ತುದಿಯಿಂದ ಆ ತುದಿಗೆ ನಡೆದು ನೋಡಿ, ಒಂದು ನಾಯಿ ಮಲಗಿದ್ದರೆ ಅದನ್ನೂ ಓಡಿಸಿ, ನಿಯಂತ್ರಣ ಕೋಣೆಗೆ ನುಗ್ಗಿದಳು. ನೀಲಗಂಗಾ ಅವಳ ಹಿಂದೆ ಓಡಿದಳು.

ಕೋರಿಶೆಟ್ಟರ್ ಸಾಹೇಬರು ಗೋಡೆಗೆ ಮೊಳೆ ಹೊಡೆಸಿ ಮಂತ್ರಿಗಳ ಜೊತೆ ತೆಗೆಸಿಕೊಂಡ ಫೋಟೋ ತೂಗುಹಾಕುತ್ತಿದ್ದರು.

"ನೀಲಾ, ನಿಂದು ಒತ್ತು," ಎಂದಳು ಫಕೀರವ್ವ.

ನೀಲಗಂಗಾಳ ಕೈ ಯಂತ್ರದ ಹತ್ತಿರ ಹೋಗಿ ನಿಂತಿತು. "ಅಕ್ಕ, ಮಾಮಾ ಆ ಕಡೆ..."

"ಗೊತ್ತೈತಿ ಎಲ್ಲಿ ಅದಾರಂತ! ನಾನ ಕಳಿಸಿ ಬಂದೀನಿ. ಒತ್ತು ಅಂದರ ಒತ್ತು!"

ನೀಲಗಂಗಾ ಒತ್ತಿದಳು. ಹಸಿರು ದೀಪ ಹತ್ತಿತು. ಆಗ ಸಾಹೇಬರಿಗೆ ಅರ್ಥವಾಯಿತು. ಫೋಟೋ ಅಲ್ಲೇ ಬಿಟ್ಟು ಓಡಿ ಬಂದು ಅಡ್ಡ ನಿಂತರು.

"ಏ ಬಾಯಿ, ಹುಚ್ಚು ಹಿಡದೈತೇನು? ಪೊಲೀಸರನ್ನ ಕರೀತೀನಿ! ಹಳ್ಳಿಗಟ್ಟಲೆ ಮಂದೀಗೆ ದಾರಿ ಇಲ್ಲದ್ಹಂಗ ಮಾಡ್ತಿ!"

"ಕರೀರಿ. ಅವರೂ ಬರ್ಲಿ, ಬಂದು ಒಂದು ಕೊಡಾ ನೀರು ತುಂಬಿ ತೋರಸ್ಲಿ." ಫಕೀರವ್ವನ ದನಿಗೆ ತಗಡಿನ ಗೋಡೆ ನಡುಗಿತು. "ಹೆಪ್ಪು ತಳದಾಗ ಉಳಿಸಿಕೋರಿ ಅಂದವರು ನೀವು. ತೆಳ್ಳಗ ಮಾಡ್ರಿ ಅಂದವರು ನೀವು. ಇಕಿ ಬ್ಯಾಡ ಬ್ಯಾಡ ಅಂತ ಹೊಯ್ಕೊಂಡರ ನಕ್ಕವರು ನೀವು. ನನ್ನ ಕೈಲೆ ಮಾಡಿಸಿದ್ರಿ! ನನ್ನ ಗಂಡನ ರಸ್ತಾನೂ ನಾನ ಕಟ್ಟಿದೆ, ನನ್ನ ಗಂಡನ ನೀರೂ ನಾನ ಕಟ್ಟಿಹಾಕಿದೆ. ಸರೀರಿ ಅತ್ಲಾಗ!"

ಭುಜದಿಂದ ಅವರನ್ನು ತಳ್ಳಿ ಹೆಬ್ಬೆರಳು ಒತ್ತಿದಳು.

ಹಿಂದಿನ ಟ್ಯಾಂಕಿನಲ್ಲಿ ಗಳಗಳ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಏರಿಯೊಳಗಿನಿಂದ ಸುಂಯ್ ಎಂಬ ದನಿ ಎದ್ದಿತು, ಬಿಸಿ ಹಂಚಿಗೆ ನೀರು ಚಿಮುಕಿಸಿದ ಹಾಗೆ. ಇಳಿಜಾರಿನ ಸಂದುಗಳಲ್ಲಿ ನೊರೆ ಬಂತು. ಹೆಂಗಸರು ದೂರ ನಿಂತು ನೋಡುತ್ತಿದ್ದರು. ಅವರು ಚಳಿಗಾಲವಿಡೀ ಬೆವರು ಸುರಿಸಿ ಕಟ್ಟಿದ್ದು ಅದು. ಹೊಸ ಡಾಂಬರು ನಡುವೆ ತಗ್ಗಾಯಿತು, ಬಿಳಿಯ ಪಟ್ಟೆ ಸೊಟ್ಟಗಾಯಿತು, ಆಮೇಲೆ ಒಂದು ಮಗ್ಗುಲು ಕುಸಿದು ಹೋಯಿತು. ಯಾರೋ ಒಬ್ಬಳು ಬಿಕ್ಕಿದಳು. ನೀಲಗಂಗಾ ಪರದೆಯ ಕಡೆ ನೋಡಲಿಲ್ಲ. ಇಷ್ಟು ಬೇಗ ಆ ಗೆರೆ ಏಳುವುದಿಲ್ಲ, ಏಳುತ್ತದೆಂಬ ಖಾತರಿಯೂ ಇಲ್ಲ ಎಂಬುದು ಅವಳಿಗೆ ಗೊತ್ತಿತ್ತು.

"ನನ್ನ ಕಾರು!" ಎಂದರು ಸಾಹೇಬರು. ಅವರ ಮನೆಯೂ ಆ ದಂಡೆಯ ಮೇಲಿತ್ತು.

"ಇಲ್ಲೇ ಇರ್ಲಿ. ನೀವು ದುರುಗವ್ವನ ಕಡೆ ಹೋಗ್ರಿ, ದಾಟಸ್ತಾಳ," ಎಂದಳು ಫಕೀರವ್ವ. "ಅಕಿ ಯಾರಿಗೂ ಇಲ್ಲ ಅನ್ನಾಕಿ ಅಲ್ಲ."

ಅಷ್ಟರಲ್ಲಿ ಅವಳ ಸೊಂಟದ ಚೀಲದಲ್ಲಿದ್ದ ಫೋನು ಬಡಿದುಕೊಂಡಿತು. ಯಮನೂರಪ್ಪ. ಗದಗು ಮುಟ್ಟಿದ್ದ, ಯಂತ್ರ ಹಚ್ಚಿದ್ದರು, ದನಿ ಸ್ವಲ್ಪ ಗಟ್ಟಿಯಾಗಿತ್ತು. "ಎಲ್ಲಿ ಅದೀಯ? ಹೊರಟಿಯೇನು? ಐದರ ಬಸ್ಸು ಹಿಡದರ ದೀಪಾ ಹಚ್ಚೂದರೊಳಗ ಇಲ್ಲಿ ಇರ್ತಿ."

ಫಕೀರವ್ವ ಕುಸಿದ ಏರಿಯನ್ನು ನೋಡಿದಳು. ಅದರಾಚೆ ಸೇತುವೆ, ಅದರಾಚೆ ಆ ದಂಡೆ. ಸಿಟ್ಟು ಇಳಿದಿರಲಿಲ್ಲ, ಆದರೆ ದನಿ ಮಾತ್ರ ಒಡೆಯಿತು.

"ಬಸ್ಸು ಬರೂದಿಲ್ಲರಿ," ಎಂದಳು. "ಹರಗೋಲಿನ್ಯಾಗ ಬರ್ತೀನಿ."